ಕಾದಂಬರಿಯ ನಾಯಕನೂ ನಮ್ಮ ಮನೆಯ ಗಂಡಸೂ

(ಚಿಕ್ಕಜಾಲದಲ್ಲಿ ಸುತ್ತಮುತ್ತಲಿನ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಾಲದ ಕಂತು, ಉಳಿತಾಯದ ಪುಸ್ತಕ, ಬ್ಯಾಂಕಿನ ಕಾಗದ ಎಲ್ಲ ಮುಗಿದ ಮೇಲೆ “ಮೇಡಂ, ನೀವು ಕಾದಂಬರಿ ವಿಷಯ ಮಾತಾಡಿ” ಎಂದು ನಿಮ್ಮ ಸಂಘದವರು ಹೇಳಿದಾಗ ನನಗೆ ಸಂತೋಷವಾಯಿತು. ಹೆಣ್ಣುಮಕ್ಕಳ ಸಭೆಗೆ ಕರೆದರೆ ಸಾಮಾನ್ಯವಾಗಿ ವರದಕ್ಷಿಣೆ ಕಾಯ್ದೆ, ಇಲ್ಲವೇ ರಕ್ತಹೀನತೆ, ಇವೆರಡರಲ್ಲಿ ಒಂದನ್ನು ಕೊಡುತ್ತಾರೆ. ಕತೆ ಕಾದಂಬರಿ ಓದುವುದು ಕೆಲಸವಿಲ್ಲದವರ ಚಟ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಸ್ವಲ್ಪ ಹೊತ್ತಿನ ಹಿಂದೆ, ಫೋನಿನಲ್ಲಿ ಕತೆ ಓದುವವರು ಎಷ್ಟು ಜನ ಎಂದು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಕೈಗಳು ಎದ್ದವು. ಕೆಲವು ಕೈಗಳು ಪಕ್ಕದವರನ್ನು ನೋಡಿಕೊಂಡು ನಿಧಾನವಾಗಿ ಎದ್ದವು. ಕಾರ್ಖಾನೆ ಬಸ್ಸಿನಲ್ಲಿ ಓದುತ್ತೇವೆ ಎಂದಿರಿ, ಹಾಲು ಕಾಯುವಷ್ಟರಲ್ಲಿ ಓದುತ್ತೇವೆ ಎಂದಿರಿ. ಒಬ್ಬ ತಾಯಿ “ಸೊಸೆ ಓದಿ ಹೇಳ್ತಾಳೆ, ನಾನು ಕೇಳ್ತೀನಿ” ಎಂದರು. ಇಷ್ಟು ಜನ ದಿನವೂ ಮಾಡುವ ಕೆಲಸದ ಬಗ್ಗೆ ನಾಲ್ಕು ಮಾತು ಆಡುವುದು ತಪ್ಪೇನಲ್ಲ.

ನಾನು ಕನ್ನಡ ಎಂ.ಎ. ಓದುತ್ತಿದ್ದಾಗ ಹೆಂಗಸರು ಬರೆದ ಕಾದಂಬರಿಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಹಗುರವಾಗಿ ತಳ್ಳಿಹಾಕುವವರು ಬಹಳ ಇದ್ದರು. ಅಡುಗೆಮನೆಯಲ್ಲಿ ಏನೇನು ನಡೆಯುತ್ತದೆ ಎಂದು ಅವರು ಎಂದೂ ಬಗ್ಗಿ ನೋಡಿದವರಲ್ಲ. ಸ್ಟೌ ಸಿಡಿದು ಸೊಸೆ ಸತ್ತಳು ಎಂಬ ಸುದ್ದಿ ಬರುತ್ತಿದ್ದದ್ದೂ ಅದೇ ಅಡುಗೆಮನೆಯಿಂದ. ನಾವು ಹುಡುಗಿಯರು ಮಾತ್ರ ದಿನಕ್ಕೆ ನಾಲ್ಕಾಣೆ ಬಾಡಿಗೆ ಕೊಟ್ಟು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ, ಉಷಾ ನವರತ್ನರಾಮ್, ಸಾಯಿಸುತೆ ಇವರ ಪುಸ್ತಕಗಳನ್ನು ತಂದು, ಒಂದು ಪುಸ್ತಕವನ್ನು ನಾಲ್ಕು ಜನ ಒಂದೇ ದಿನದಲ್ಲಿ ಓದಿ ಹಿಂದಿರುಗಿಸುತ್ತಿದ್ದೆವು. ‘ಸುಧಾ’ ಮನೆಗೆ ಬಂದರೆ ಧಾರಾವಾಹಿಯ ಪುಟಕ್ಕಾಗಿ ಅಕ್ಕನಿಗೂ ನನಗೂ ಜಗಳ. ಈ ಕಡೆಯ ಎಷ್ಟೋ ಮನೆಗಳಲ್ಲಿ ತೆಲುಗು ಆಡುತ್ತಾರೆ. ಆ ಮನೆಯ ಹೆಂಗಸರು ಯದ್ದನಪೂಡಿ ಸುಲೋಚನಾರಾಣಿ ಅವರ ‘ಸೆಕ್ರೆಟರಿ’ ಕತೆಯನ್ನು ಕೇಳಿಯೇ ಇರುತ್ತಾರೆ. ಹಣವಂತ ಯಜಮಾನ, ಅವನ ಕಚೇರಿಗೆ ಕೆಲಸಕ್ಕೆ ಬರುವ ಬಡ ಹುಡುಗಿ. ಇವತ್ತು ನಿಮ್ಮ ಫೋನಿನಲ್ಲಿ ಬರುವ ಅಹಂಕಾರಿ ಬಾಸ್ ಹೊಸಬನೇನಲ್ಲ ತಾಯಿ, ಅವನಿಗೆ ಐವತ್ತು ವರ್ಷ ದಾಟಿದೆ.

ಆದ್ದರಿಂದ ಪ್ರೇಮದ ಕತೆ ಓದಬೇಡಿ ಎಂದು ನಾನು ಹೇಳುವುದಿಲ್ಲ. ಅಮೆರಿಕದಲ್ಲಿ ಜಾನಿಸ್ ರಾಡ್‌ವೇ ಎಂಬ ವಿದ್ವಾಂಸೆ ಇಂಥ ಕಾದಂಬರಿಗಳನ್ನು ಓದುವ ಗೃಹಿಣಿಯರನ್ನು ಮಾತಾಡಿಸಿ 1984ರಲ್ಲಿ ಒಂದು ಪುಸ್ತಕ ಬರೆದರು. ಯಾಕೆ ಓದುತ್ತೀರಿ ಎಂದು ಕೇಳಿದರೆ ಆ ಹೆಂಗಸರು ಮೊದಲು ಹೇಳಿದ್ದು ಪ್ರೇಮದ ಮಾತಲ್ಲ. ಗಂಡ, ಮಕ್ಕಳು, ಮನೆಗೆಲಸ ಎಲ್ಲದರ ನಡುವೆ ಅದೊಂದು ಹೊತ್ತು ತಮ್ಮದು, ಆ ಹೊತ್ತಿನಲ್ಲಿ ಯಾರೂ ತಮ್ಮನ್ನು ಏನೂ ಕೇಳಬಾರದು ಎಂದರಂತೆ. ಇದನ್ನು ಓದಿದಾಗ ಆ ಊರು ಯಾವುದೋ ದೇಶದಲ್ಲಿದೆ ಎಂದು ನನಗೆ ಅನ್ನಿಸಲೇ ಇಲ್ಲ. ದಿನವಿಡೀ ಬೇರೆಯವರಿಗಾಗಿ ದುಡಿಯುವ ಹೆಂಗಸು ಅರ್ಧ ಗಂಟೆ ತನಗಾಗಿ ಇಟ್ಟುಕೊಂಡರೆ ಅದನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ.

ಆದರೆ ರಾಡ್‌ವೇ ಇನ್ನೊಂದು ಮಾತನ್ನೂ ಗಮನಿಸಿದರು. ಕತೆಯ ಆರಂಭದಲ್ಲಿ ನಾಯಕ ಒರಟ, ಅವಮಾನ ಮಾಡುತ್ತಾನೆ, ಅಳಿಸುತ್ತಾನೆ. ಆದರೂ ಓದುವವಳಿಗೆ ಭಯವಾಗುವುದಿಲ್ಲ. ಯಾಕೆಂದರೆ ಕೊನೆ ಅವಳಿಗೆ ಗೊತ್ತು. ಅವನ ಸಿಟ್ಟಿನೊಳಗೆ ಪ್ರೀತಿಯೇ ಇದೆ, ಇನ್ನೇನು ನಾಲ್ಕು ಅಧ್ಯಾಯ ಕಳೆದರೆ ಅದು ಹೊರಗೆ ಬರುತ್ತದೆ ಎಂದು ಅವಳು ಓದಿಕೊಳ್ಳುತ್ತಾಳೆ. ನನ್ನ ತಕರಾರು ಇರುವುದು ಇಷ್ಟಕ್ಕೆ ಮಾತ್ರ. ಮೂವತ್ತೈದು ವರ್ಷ ಪಾಠ ಹೇಳಿದ ಮೇಲೆ, ಪ್ರೇಮಕತೆ ಓದಿ ಕೆಟ್ಟುಹೋದ ಹುಡುಗಿ ಎಂದು ಯಾರನ್ನೂ ನಾನು ಕಂಡಿಲ್ಲ. ಆದರೆ ಕೊನೆಯ ಅಧ್ಯಾಯಕ್ಕೆ ಕಾಯುತ್ತಾ ಕೂತವರನ್ನು ಕಂಡಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಮದುವೆಯಾಗಿ ಹಲವು ವರ್ಷಗಳ ಮೇಲೆ ಮನೆಗೆ ಬಂದಿದ್ದಳು. ಚೆನ್ನಾಗಿ ಓದುತ್ತಿದ್ದ ಹುಡುಗಿ. ಬಂದವಳು ಕೈ ಮುಚ್ಚುವ ರವಿಕೆ ಹಾಕಿದ್ದಳು, ಬೇಸಿಗೆ ಕಾಲ. “ಹೊಡೀತಾರೆ ಮಿಸ್. ಆಮೇಲೆ ಅವರೇ ಅಳ್ತಾರೆ. ಹೂವು ತಂದುಕೊಡ್ತಾರೆ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕತೇಲಿ ಆಗಿದ್ರೆ ಇಷ್ಟೊತ್ತಿಗೆ ಬದಲಾಗಿರಬೇಕಿತ್ತು ಅಲ್ವಾ ಮಿಸ್” ಎಂದು ನಕ್ಕಳು. ಆ ನಗು ನನಗೆ ಇವತ್ತಿಗೂ ಮರೆತಿಲ್ಲ. ಹೊಡೆತ, ಅಳು, ಹೂವು, ಮತ್ತೆ ಹೊಡೆತ. ಇದು ಚಕ್ರದಂತೆ ತಿರುಗುತ್ತದೆ, ಕತೆಯಂತೆ ಒಂದು ಕಡೆ ಹೋಗಿ ಮುಟ್ಟುವುದಿಲ್ಲ. ಆ ಹೂವನ್ನು ನಂಬಿ ಅವಳು ಅಷ್ಟು ವರ್ಷ ಕಳೆದಿದ್ದಳು. ಈಗ ಅವಳು ತವರಿನ ಹತ್ತಿರ ಮಗನ ಜೊತೆ ಬೇರೆ ಮನೆ ಮಾಡಿಕೊಂಡು ದುಡಿಯುತ್ತಿದ್ದಾಳೆ. ಕೇಸು ಇನ್ನೂ ನಡೆಯುತ್ತಿದೆ.

ಜನಪ್ರಿಯ ಕತೆಗಳಲ್ಲಿ ಹೆಣ್ಣಿನ ಏಟು ಎಲ್ಲಿ ಹೋಗುತ್ತದೆ ಎಂದು ಸ್ವಲ್ಪ ನೋಡಿ. ಉಷಾ ನವರತ್ನರಾಮ್ ಅವರ ‘ಬಂಧನ’ ಕಾದಂಬರಿ 1984ರಲ್ಲಿ ವಿಷ್ಣುವರ್ಧನ್, ಸುಹಾಸಿನಿ ಅಭಿನಯದ ಸಿನಿಮಾ ಆಯಿತು. ನಿಮ್ಮಲ್ಲಿ ನನ್ನ ವಯಸ್ಸಿನವರೆಲ್ಲ ನೋಡಿ ಅತ್ತವರೇ, ನಾನೂ ಅತ್ತಿದ್ದೇನೆ. ಡಾಕ್ಟರ್ ಹರೀಶ್ ಪ್ರೀತಿಸಿದ ನಂದಿನಿ ಬೇರೆಯವನನ್ನು ಮದುವೆಯಾಗುತ್ತಾಳೆ, ಆ ಗಂಡನಿಂದ ಹಿಂಸೆ ಅನುಭವಿಸುತ್ತಾಳೆ. ಆದರೆ ಥಿಯೇಟರಿನಿಂದ ಹೊರಗೆ ಬಂದಾಗ ನಮ್ಮ ಮನಸ್ಸಿನಲ್ಲಿ ಉಳಿದದ್ದು ಯಾರ ನೋವು? ಹರೀಶನ ನೋವು. ಏಟು ತಿಂದವಳು ನಂದಿನಿ, ಕಣ್ಣೀರು ಸಂದದ್ದು ಅವನಿಗೆ. ಸಿನಿಮಾ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ, ವಿಷ್ಣುವರ್ಧನ್ ಅಭಿಮಾನಿಗಳು ಕೋಪ ಮಾಡಿಕೊಳ್ಳಬೇಡಿ. ಒಬ್ಬ ಗಂಡ ಹೆಂಡತಿಯನ್ನು ಹಿಂಸಿಸುವುದು ಇನ್ನೊಬ್ಬ ಗಂಡಸಿನ ತ್ಯಾಗವನ್ನು ದೊಡ್ಡದು ಮಾಡಲು ಬಳಕೆಯಾಯಿತಲ್ಲ, ಅದನ್ನು ನೋಡಿ ಎಂದೆ.

ತ್ರಿವೇಣಿ ಹಾಗೆ ಮಾಡಲಿಲ್ಲ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಆ ಹೆಣ್ಣುಮಗಳು ಬರೆದ ‘ಬೆಳ್ಳಿಮೋಡ’ವನ್ನು ನಾನು ಪ್ರೇಮಕತೆ ಎಂದು ಪಾಠ ಮಾಡುತ್ತಿರಲಿಲ್ಲ, ವರದಕ್ಷಿಣೆಯ ಕತೆ ಎಂದೇ ಮಾಡುತ್ತಿದ್ದೆ. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದರು, ಕಲ್ಪನಾ ನಾಯಕಿ. ಕಾಫಿ ತೋಟದ ಒಡೆಯನಿಗೆ ಇಂದಿರಾ ಒಬ್ಬಳೇ ಮಗಳು. ಮೋಹನನಿಗೆ ಅವಳನ್ನು ಕೊಡುವುದೆಂದು ಮಾತಾಗಿ, ಹುಡುಗಿಯ ತಂದೆಯ ದುಡ್ಡಿನಲ್ಲೇ ಅವನು ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಇನ್ನು ಅವಳಿಗೆ ಬರುವುದಿಲ್ಲ ಎಂದಾಗ ಮೋಹನನಿಗೆ ಅವಳೂ ಬೇಡವಾಗುತ್ತಾಳೆ. ಆಮೇಲೆ ಅವನೇ ಕಾಲು ಮುರಿದುಕೊಂಡು ಅವರ ಮನೆಯಲ್ಲಿ ಮಲಗಿದಾಗ ಇಂದಿರಾ ಶುಶ್ರೂಷೆ ಮಾಡುತ್ತಾಳೆ. ಅವನು ಮನಸ್ಸು ಬದಲಾಯಿಸಿ ಮದುವೆಯಾಗು ಎನ್ನುತ್ತಾನೆ. ಅವಳು ಒಪ್ಪುವುದಿಲ್ಲ.

ನೋಡಿದಿರಾ, ಇಲ್ಲಿ ಗಂಡಸು ಬದಲಾಗಿಯೇ ಆಗುತ್ತಾನೆ. ನಾವು ಕಾಯುವ ಆ ಕೊನೆಯ ಅಧ್ಯಾಯ ಬಂದೇ ಬರುತ್ತದೆ. ಆದರೂ ಅವಳು ಬೇಡ ಎನ್ನುತ್ತಾಳೆ. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಹುಡುಗಿಯರು ಎರಡು ಪಕ್ಷವಾಗುತ್ತಿದ್ದರು. “ಪಾಪ, ಕ್ಷಮಿಸಬಹುದಿತ್ತು ಮಿಸ್” ಎನ್ನುವವರೇ ಹೆಚ್ಚು. ಕ್ಷಮಿಸುವುದು ಬೇರೆ, ಕಟ್ಟಿಕೊಳ್ಳುವುದು ಬೇರೆ ಎಂದು ಒಬ್ಬಳಾದರೂ ಎದ್ದು ಹೇಳುವತನಕ ನಾನು ಕಾಯುತ್ತಿದ್ದೆ.

ಈ ಕತೆಯಲ್ಲಿ ನಿಮಗೆ ಸಂಬಂಧಪಟ್ಟ ಇನ್ನೊಂದು ವಿಷಯ ಇದೆ. ಮಗ ಹುಟ್ಟಿದ ಕೂಡಲೇ ಮಗಳಿಗೆ ಏನೂ ಇಲ್ಲ ಎಂದು ಆ ಕತೆಯೊಳಗಿನವರೆಲ್ಲ ಒಪ್ಪಿಬಿಡುತ್ತಾರೆ. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ ಸ್ವಂತ ಸಂಪಾದನೆಯಲ್ಲಿ ಮಗನಷ್ಟೇ ಪಾಲು ಮಗಳಿಗೂ ಇದೆ. ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲೂ ಮಗಳಿಗೆ ಸಮಪಾಲು ಎಂದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನು ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುವುದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಇಲ್ಲಿ ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಬಳ್ಳಾರಿ ರಸ್ತೆಯ ಆಚೀಚೆ ನೆಲದ ಬೆಲೆ ಏನಾಯಿತು ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ರಾಗಿ ಬೆಳೆದ ಹೊಲ ಸೈಟಾಯಿತು. ಆಗ ಅಕ್ಕತಂಗಿಯರನ್ನು ಕಾರಿನಲ್ಲಿ ಕರೆಸಿ, ಸೀರೆ ಕೊಟ್ಟು, “ನಿನ್ನ ಮದುವೆಗೆ ಖರ್ಚು ಮಾಡಿದ್ದೀವಲ್ಲಮ್ಮ” ಎಂದು ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮನೆಗಳು ಎಷ್ಟು? ಗಂಡನ ಮನೆಯವರ ಬಾಯಿಗೆ ಹೋದ ವರದಕ್ಷಿಣೆಯನ್ನು ಅವಳ ಪಾಲು ಎಂದು ತವರಿನಲ್ಲಿ ಲೆಕ್ಕ ಬರೆಯುತ್ತಾರೆ. ಅವಳ ಕೈಗೆ ಎರಡೂ ಬಂದಿರುವುದಿಲ್ಲ.

ಈಗಿನ ಕತೆಗಳಿಗೆ ಬರೋಣ. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕನ್ನಡದ ನೂರಾರು ಹೆಣ್ಣುಮಕ್ಕಳು ಬರೆಯುತ್ತಿದ್ದಾರೆ. ಸಂಪಾದಕರ ಬಾಗಿಲು ಕಾಯದೆ ಒಬ್ಬ ಗೃಹಿಣಿ ತನ್ನ ಕತೆಯನ್ನು ನೇರವಾಗಿ ಓದುಗರಿಗೆ ಮುಟ್ಟಿಸಬಹುದು ಎನ್ನುವುದು ನನ್ನ ಮಟ್ಟಿಗೆ ದೊಡ್ಡ ಸಂಗತಿ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ನಾನು ಈ ಒಂದು ವರ್ಷದಲ್ಲಿ ಓದಿದವುಗಳಲ್ಲಿ ಒಂದೇ ಎಳೆ ಮತ್ತೆ ಮತ್ತೆ ಬಂತು. ಕೋಟ್ಯಧೀಶ ಹುಡುಗ, ಸಾಲದಲ್ಲಿ ಮುಳುಗಿದ ಅಪ್ಪ, ಬಲವಂತದ ಮದುವೆ. ಅವನು ಬೈಯುತ್ತಾನೆ, ಕೈ ಹಿಡಿದು ಎಳೆಯುತ್ತಾನೆ, ಕೋಣೆಯಲ್ಲಿ ಕೂಡಿಹಾಕುತ್ತಾನೆ. ನಲವತ್ತನೆಯ ಕಂತಿನ ಹೊತ್ತಿಗೆ ಅವಳಿಗೆ ಜ್ವರ ಬರುತ್ತದೆ, ಅವನು ರಾತ್ರಿಯಿಡೀ ಹಣೆಗೆ ಬಟ್ಟೆ ಹಾಕುತ್ತಾನೆ. ಸರಿಹೋಯಿತು! ಕೂಡಿಹಾಕಿದ್ದು ಯಾರಿಗೂ ನೆನಪಿರುವುದಿಲ್ಲ.

ಈ ಕತೆಗಳಲ್ಲಿ ವರದಕ್ಷಿಣೆಯ ಮಾತೇ ಬರುವುದಿಲ್ಲ ಎನ್ನುವುದೂ ನೋಡಬೇಕಾದ್ದು. ಹುಡುಗ ಅಷ್ಟು ಶ್ರೀಮಂತ, “ನನಗೇನೂ ಬೇಡ” ಎಂದುಬಿಡುತ್ತಾನೆ. ನಮ್ಮ ಊರುಗಳಲ್ಲಿ ಆ ಮಾತಿನ ರೂಪವೇ ಬೇರೆ: “ನಾವೇನೂ ಕೇಳಲ್ಲ, ನಿಮ್ಮ ಮಗಳಿಗೆ ನೀವು ಹಾಕೋದು ಹಾಕಿ.” ಆಮೇಲೆ ಒಡವೆ, ಛತ್ರ, ಗಾಡಿ. 1961ರಿಂದ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ನಿಮ್ಮ ಸಂಘದ ಸಾಲದ ಪುಸ್ತಕದಲ್ಲಿ ‘ಹಸು ಕೊಳ್ಳಲು’, ‘ಅಂಗಡಿಗೆ’ ಎಂದು ಬರೆದಿರುವುದರಲ್ಲಿ ಎಷ್ಟು ದುಡ್ಡು ಅಳಿಯನ ಮನೆಗೆ ಹೋಗಿದೆ ಎಂದು ನಿಮಗೇ ಗೊತ್ತು. ಹಾಗೆ ನೋಡಿದರೆ ಈ ಸಂಘದ ಪುಸ್ತಕವೂ ಒಂದು ಕಾದಂಬರಿಯೇ, ಅಲ್ಲಿರುವುದಕ್ಕಿಂತ ಅಲ್ಲಿಲ್ಲದ್ದು ಹೆಚ್ಚು.

ತ್ರಿವೇಣಿಯವರ ‘ಶರಪಂಜರ’ದ ಬಗ್ಗೆ ಒಂದು ಮಾತು. ಹೆರಿಗೆಯ ಮೇಲೆ ಕಾವೇರಿಯ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆಯವರೂ ನೆರೆಯವರೂ ಅವಳನ್ನು ಹುಚ್ಚಿ ಎಂದೇ ನೋಡುತ್ತಾರೆ, ಗಂಡ ಬೇರೆ ಹೆಣ್ಣಿನ ಹತ್ತಿರ ಹೋಗಿರುತ್ತಾನೆ. ಅವಳು ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. ಅವಳನ್ನು ಮುರಿದದ್ದು ಏಟಲ್ಲ, ಮಾತು ಮತ್ತು ಮೌನ. ಇದೂ ಹಿಂಸೆ ಎಂದು ನಮ್ಮ ಕಾನೂನು ಒಪ್ಪಿದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ. ಬೈಗುಳ, ಅವಮಾನ, ಮನೆಖರ್ಚಿಗೆ ದುಡ್ಡು ಕೊಡದಿರುವುದು, ಅವಳ ಒಡವೆ ಮಾರುವುದು ಎಲ್ಲವೂ ಅದರಲ್ಲಿ ಸೇರಿದೆ. ಗಂಡನ ಮನೆಯಲ್ಲೇ ಇದ್ದುಕೊಂಡು ರಕ್ಷಣೆ ಕೇಳುವ ಹಕ್ಕೂ ಇದೆ. ಹಿಂದೆ ಎಲ್ಲರ ಬಾಯಲ್ಲಿದ್ದ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ, ಹೆಸರು ಬದಲಾಯಿತು ಅಷ್ಟೇ. ಸಹಾಯಕ್ಕೆ 181, ತುರ್ತಾದರೆ 112. ಫೋನಿನಲ್ಲಿ ಕತೆ ಹುಡುಕುವ ಬೆರಳಿಗೆ ಈ ಎರಡು ಸಂಖ್ಯೆಯೂ ಗೊತ್ತಿರಲಿ.

ನಿಮ್ಮ ವಾರದ ಸಭೆಯಲ್ಲಿ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಇಟ್ಟುಕೊಳ್ಳಿ. ಒಬ್ಬರು ತಾವು ಓದಿದ ಕತೆಯನ್ನು ಹೇಳಲಿ, ಕೊನೆಯನ್ನು ಮಾತ್ರ ಹೇಳದಿರಲಿ. ಅವಳು ನಮ್ಮ ಬೀದಿಯ ಹುಡುಗಿಯಾಗಿದ್ದರೆ ಏನು ಮಾಡಬೇಕು ಎಂದು ಉಳಿದವರು ಮಾತಾಡಲಿ. ಕಾವೇರಿಯ ವಿಷಯ ಮಾತಾಡುವಾಗ ಯಾರಿಗೂ ನಾಚಿಕೆಯಾಗುವುದಿಲ್ಲ. ತನ್ನ ಮನೆಯದನ್ನು ಹೇಳಲಾರದವಳು ಕಾವೇರಿಯ ನೆಪದಲ್ಲಿ ಹೇಳುತ್ತಾಳೆ. ಅದನ್ನು ಕೇಳಿಸಿಕೊಳ್ಳುವವರು ಸುತ್ತ ಇರಬೇಕು.

ಚೀಲದಲ್ಲಿ ಆರು ಪುಸ್ತಕ ತಂದಿದ್ದೇನೆ. ‘ಬೆಳ್ಳಿಮೋಡ’ ಒಂದೇ ಪ್ರತಿ ಇದೆ, ರಟ್ಟು ಬಿಟ್ಟುಕೊಂಡಿದೆ, ಜೋಪಾನ. ಒಬ್ಬೊಬ್ಬರಿಗೆ ಒಂದು ವಾರ. ಯಾರು ತೆಗೆದುಕೊಂಡಿರಿ ಎಂದು ಉಳಿತಾಯದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ.