ಬಾಗಿಲಿಗೆ ಬಂದ ಹಲಗೆ

ಈ ವಾರ ಮಗಳು ಒಂದು ಫೋಟೋ ಕಳಿಸಿದ್ದಳು. ಅವಳ ಮನೆ ಬಾಗಿಲಿನ ಹಿಡಿಗೆ ದಾರ ಕಟ್ಟಿ ನೇತುಹಾಕಿದ ಪುಟ್ಟ ಹಲಗೆ. ಅದರ ಮೇಲೆ ಜರ್ಮನ್ ಭಾಷೆಯ ಒಂದೇ ಒಂದು ಪದ. ಜೊತೆಗೆ ಅವಳ ಸಂದೇಶ: "ಅಮ್ಮಾ, ಕೊನೆಗೂ ಬಂತು!" ಕೆಲಸ ಹುಡುಕುತ್ತಿರುವ ಹುಡುಗಿ, ಆರ್ಡರೇ ಬಂತೇನೋ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿ ಫೋನ್ ಮಾಡಿದೆ. ಬಂದದ್ದು ಮೆಟ್ಟಿಲು ಗುಡಿಸುವ ಪಾಳಿ!

ಮಗಳು-ಅಳಿಯ ಇರುವುದು ಎಸ್ಲಿಂಗನ್ನಿನಲ್ಲಿ. ಸ್ಟುಟ್‌ಗಾರ್ಟ್ ಪಕ್ಕ, ನೆಕಾರ್ ನದಿಯ ದಡದ ಹಳೆಯ ಊರು. ಆ ಸೀಮೆಯ ವಠಾರಗಳಲ್ಲಿ ಕೇರ್‌ವೋಖೆ ಎಂಬ ಪದ್ಧತಿ ಇದೆ. ಗುಡಿಸುವ ವಾರ, ಅಷ್ಟೇ. ನಿಮ್ಮ ಮಹಡಿಯಿಂದ ಕೆಳಗಿನ ಮಹಡಿಯವರೆಗಿನ ಮೆಟ್ಟಿಲು ಗುಡಿಸಿ ಒರೆಸಿದರೆ ಅದು ಚಿಕ್ಕ ಪಾಳಿ. ಮುಂಬಾಗಿಲು, ರಸ್ತೆ ಬದಿಯ ಕಾಲುದಾರಿ, ಚಳಿಗಾಲದಲ್ಲಿ ಅದರ ಮೇಲೆ ಬಿದ್ದ ಹಿಮ, ಇವೆಲ್ಲ ದೊಡ್ಡ ಪಾಳಿ. ಕೆಲಸ ಮುಗಿದ ಮೇಲೆ ಹಲಗೆಯನ್ನು ಪಕ್ಕದವರ ಬಾಗಿಲಿಗೆ ತಗುಲಿಹಾಕಿ ಬಂದರಾಯಿತು. ಕರೆಗಂಟೆ ಒತ್ತಬೇಕಿಲ್ಲ, ಮಾತಾಡಬೇಕಿಲ್ಲ. 15ನೇ ಶತಮಾನದಲ್ಲಿ ಎಬರ್‌ಹಾರ್ಡ್ ಎಂಬ ದೊರೆ ಹಾಕಿದ ಕಟ್ಟಳೆಯಿಂದ ಇದು ಹುಟ್ಟಿತು ಎನ್ನುತ್ತಾರೆ. ಸ್ಟುಟ್‌ಗಾರ್ಟ್ ನಗರಸಭೆ 1988ರಲ್ಲೇ ಇದನ್ನು ತನ್ನ ನಿಯಮಗಳಿಂದ ಕೈಬಿಟ್ಟಿತಂತೆ. ಜನ ಬಿಡಬೇಕಲ್ಲ! ಬಾಡಿಗೆ ಕರಾರಿನಲ್ಲಿ ಅದು ಇನ್ನೂ ಗಟ್ಟಿಯಾಗಿ ಕೂತಿದೆ.

ವಿಚಿತ್ರವೆಂದರೆ, ಇವರು ಮನೆ ಹಿಡಿದು ಎಷ್ಟೋ ಕಾಲವಾದರೂ ಹಲಗೆ ಇವರ ಬಾಗಿಲಿಗೆ ಬಂದಿರಲೇ ಇಲ್ಲ. ಎದುರುಮನೆಯಿಂದ ಹೊರಟದ್ದು ಇವರನ್ನು ದಾಟಿ ಕೆಳಗಿನ ಮನೆಗೆ ಇಳಿಯುತ್ತಿತ್ತು. ಮೊದಮೊದಲು ಅಳಿಯನಿಗೆ ಖುಷಿ. ಮಗಳಿಗೆ ಮಾತ್ರ ಅದು ಚುಚ್ಚುತ್ತಿತ್ತು. ಅಳಿಯನಿಗೇನು, ಬೆಳಗಾದರೆ ಆಫೀಸು, ಅಲ್ಲಿ ನಡೆಯುವುದು ಇಂಗ್ಲಿಷು, ಮಧ್ಯಾಹ್ನದ ಊಟಕ್ಕೆ ನಾಲ್ಕು ಜನ ಜೊತೆ. ಇವಳಿಗೆ ವೀಸಾದಲ್ಲಿ ಕೆಲಸ ಮಾಡುವ ಅನುಮತಿ ಇದೆ, ಡಿಗ್ರಿ ಇದೆ, ಬೆಂಗಳೂರಿನಲ್ಲಿ ದುಡಿದ ಅನುಭವವೂ ಇದೆ. ಆದರೆ ಅರ್ಜಿ ಹಾಕಿದಲ್ಲೆಲ್ಲ ಮೊದಲು ಕೇಳುವುದು ಜರ್ಮನ್ ಎಷ್ಟು ಬರುತ್ತದೆ ಎಂದು. ದಿನವೂ ಭಾಷೆಯ ತರಗತಿ, ಆಮೇಲೆ ಮನೆ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ, ಬೀದಿಯಲ್ಲಿ ಸದ್ದೇ ಇರುವುದಿಲ್ಲ. ನಮ್ಮ ಕುಕ್ಕರ್ ಕೂಗಿದರೆ ಇಡೀ ವಠಾರಕ್ಕೆ ಕೇಳುತ್ತದಮ್ಮಾ ಎಂದು ಅವಳು ಭಾನುವಾರದ ಬೇಳೆಯನ್ನು ಶನಿವಾರವೇ ಬೇಯಿಸಿಡುತ್ತಾಳೆ.

ಕೊನೆಗೆ ಒಂದು ದಿನ ಕೆಳಗಿಳಿದು, ಬರುವಷ್ಟು ಜರ್ಮನ್‌ನಲ್ಲಿ ಅಲ್ಲಿಯ ಅಜ್ಜಿಯನ್ನು ಕೇಳಿಯೇಬಿಟ್ಟಳಂತೆ: ನಮಗೇಕೆ ಪಾಳಿ ಇಲ್ಲ? ಅಜ್ಜಿ ಹೇಳಿದ್ದು ಇಷ್ಟು: ಆ ಮನೆಗೆ ಬರುವವರೆಲ್ಲ ಆರೆಂಟು ತಿಂಗಳಿಗೆ ಖಾಲಿ ಮಾಡುತ್ತಾರೆ, ಕಲಿಸುವಷ್ಟರಲ್ಲಿ ಹೊರಟಿರುತ್ತಾರೆ, ಹಾಗಾಗಿ ಅವರ ಪಾಲಿನದನ್ನೂ ನಾನೇ ಮಾಡಿಬಿಡುತ್ತೇನೆ. ಸಿಟ್ಟಿಲ್ಲ, ತಾತ್ಸಾರವೂ ಇಲ್ಲ. ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೇ.

ಈಗ ಹಲಗೆ ಬಂದಿದೆ. ಶನಿವಾರ ಮಗಳು ಗುಡಿಸಿದಳು, ಅಳಿಯ ಒರೆಸಿದ. ಇಲ್ಲಿದ್ದಾಗ ಪೊರಕೆ ಎಲ್ಲಿದೆ ಎಂದೂ ಗೊತ್ತಿರದಿದ್ದ ಪುಣ್ಯಾತ್ಮ! ಅಜ್ಜಿ ಬಂದು ನೋಡಿ, ನೀರು ಜಾಸ್ತಿಯಾಯಿತು, ಮರದ ಮೆಟ್ಟಿಲು ಉಬ್ಬುತ್ತದೆ ಎಂದು ಗದರಿದರಂತೆ. ಆ ಕಡೆ ಒಂದು ಗಾದೆಯಿದೆ, ಬೈಯದಿದ್ದರೆ ಅದೇ ಹೊಗಳಿಕೆ ಎನ್ನುವ ಅರ್ಥದ್ದು. ಹಾಗೆ ನೋಡಿದರೆ ಇವರಿಗೆ ಹೊಗಳಿಕೆ ಸಿಗಲಿಲ್ಲ. ಆದರೂ ಇಷ್ಟು ದಿನ ಬರೀ ನಮಸ್ಕಾರಕ್ಕೆ ನಿಲ್ಲುತ್ತಿದ್ದ ಅಜ್ಜಿ ಮೊದಲ ಸಲ ಬೈದರು ಎಂದು ಹೇಳುವಾಗ ಮಗಳ ದನಿಯಲ್ಲಿ ಒಂದು ಬಗೆಯ ಸಂಭ್ರಮವಿತ್ತು.

ಹೀಗೆ ಪರವೂರಿನ ಕೆಲಸಕ್ಕೆ ಕೈಹಚ್ಚಿ ಅಲ್ಲಿಯವರೇ ಆದವರೊಬ್ಬರು ನೆನಪಾಗುತ್ತಾರೆ: ಅದೇ ಎಸ್ಲಿಂಗನ್ನಿನಲ್ಲಿ 1881ರಲ್ಲಿ ತೀರಿಕೊಂಡ ಹರ್ಮನ್ ಮೋಗ್ಲಿಂಗ್. 1836ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದವರು. ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ದಾಸರ ಪದಗಳನ್ನು, ಬಸವಪುರಾಣವನ್ನು, ಜೈಮಿನಿ ಭಾರತವನ್ನು ಅಚ್ಚಿಗೆ ತಂದದ್ದು ನಮ್ಮ ಮನೆಯ ಕೆಲಸ. ಅದಕ್ಕೆ ಅವರು ಕೈಹಚ್ಚಿದರು. ಇವತ್ತು ಅವರನ್ನು ಪರದೇಶದವರು ಎಂದು ಯಾರು ನೆನೆಯುತ್ತಾರೆ?

ನಮ್ಮ ಮದುವೆಮನೆಗಳನ್ನೇ ನೋಡಿ. ಪಂಕ್ತಿಯಲ್ಲಿ ಕೂತು ಉಂಡು, ತೆಂಗಿನಕಾಯಿ ತಾಂಬೂಲ ತೆಗೆದುಕೊಂಡು ಹೋದವರು ಅತಿಥಿಗಳು. "ಲೇ, ಆ ಪಲ್ಯದ ಪಾತ್ರೆ ಹಿಡ್ಕೊ" ಎಂದು ಯಾರ ಕೈಗೆ ಸೌಟು ಕೊಡುತ್ತೇವೋ ಅವನು ಮನೆಯವನು. ಅತಿಥಿಗೆ ಉಪಚಾರ ಜಾಸ್ತಿ, ನಿಜ. ಸಲಿಗೆ ಮಾತ್ರ ಸೌಟು ಹಿಡಿದವನಿಗೇ.

ಫೋನಿಟ್ಟ ಮೇಲೆ ನನಗೆ ನೆನಪಾದದ್ದು ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಜೋಡಿ. ಒಡಿಶಾದವರು. ಇಬ್ಬರಿಗೂ ಕೆಲಸ, ಇಬ್ಬರೂ ಲಿಫ್ಟಿನಲ್ಲಿ ನಗುತ್ತಾರೆ. ಬಾಡಿಗೆಯವರು ಎಂದು ಅಸೋಸಿಯೇಷನ್ ಸಭೆಗೆ ನಾವು ಅವರನ್ನು ಕರೆಯುವುದಿಲ್ಲ. ಗಣಪತಿ ಹಬ್ಬದ ಚಂದಾಕ್ಕೆ ಮಾತ್ರ ತಪ್ಪದೆ ಹೋಗುತ್ತೇವೆ, ಆಮೇಲೆ ಪ್ರಸಾದವನ್ನೂ ಮರೆಯದೆ ತಲುಪಿಸುತ್ತೇವೆ. ಒಂದು ಸಲವಾದರೂ, ಬನ್ನಿ, ಮಂಟಪ ಕಟ್ಟಬೇಕು, ಹೂ ಕಟ್ಟಬೇಕು ಎಂದು ಕರೆದದ್ದುಂಟೇ? ಅವರಿಗೆ ತೊಂದರೆ ಕೊಡಬಾರದು ಎನ್ನುವುದು ನಮ್ಮ ಸೌಜನ್ಯ. ಆ ಅಜ್ಜಿಯದೂ ಸೌಜನ್ಯವೇ ಆಗಿತ್ತಲ್ಲ!

ನಿಮ್ಮ ಮಹಡಿಯಲ್ಲೂ ಇಂಥ ಒಂದು ಜೋಡಿ ಇದ್ದೀತು. ಈ ಸಲದ ಹಬ್ಬಕ್ಕೆ ಚಂದಾ ಕೇಳುವ ಮೊದಲು ಅವರಿಗೊಂದು ಕೆಲಸ ಹೇಳಿ ನೋಡಿ.