ಅವಸರವಿಲ್ಲದ ಒಂದು ವಾರ

(ಮಠದ ವಾರ್ಷಿಕೋತ್ಸವದ ಅಂಗವಾಗಿ ನಡೆದ ಉಪನ್ಯಾಸದ ಲೇಖನರೂಪ)



ಪಾಜಕ ಕ್ಷೇತ್ರದಲ್ಲಿ ಮಧ್ಯಗೇಹ ಭಟ್ಟರು ತಮ್ಮ ಬಾಲಕ ವಾಸುದೇವನಿಗೆ ಅಕ್ಷರಾಭ್ಯಾಸ ಮಾಡಿಸಿದ ಪ್ರಸಂಗವು ಸುಮಧ್ವವಿಜಯವನ್ನು ಪಾರಾಯಣ ಮಾಡುವವರಿಗೆಲ್ಲ ಪರಿಚಿತವಾದುದು. ಮೊದಲ ದಿನ ಬರೆದುಕೊಟ್ಟ ಅಕ್ಷರಗಳನ್ನೇ ತಂದೆಯು ಮರುದಿನವೂ ಬರೆದಾಗ, ನಿನ್ನೆ ಬರೆದದ್ದನ್ನೇ ಇಂದೂ ಏಕೆ ಬರೆಯಬೇಕೆಂದು ಬಾಲಕನು ಕೇಳಿದನು. ಪುರಾಣ ಪ್ರವಚನದ ನಡುವೆ ‘ಲಿಕುಚ’ ಎಂಬ ಮರದ ಹೆಸರಿಗೆ ಅರ್ಥ ಹೇಳದೆ ತಂದೆಯು ಮುಂದೆ ಸಾಗಿದಾಗ, ಅದರ ಅರ್ಥವೇನೆಂದು ಸಭೆಯಲ್ಲಿಯೇ ಪ್ರಶ್ನಿಸಿದನು. ಸಾಲ ಕೊಟ್ಟವನು ಬಾಗಿಲಿಗೆ ಬಂದು ಕುಳಿತಾಗ ಹುಣಿಸೆಯ ಬೀಜಗಳನ್ನಿತ್ತು ಸಾಲ ತೀರಿಸಿದನು.

ಅವತಾರಪುರುಷರ ಬಾಲಲೀಲೆಯನ್ನು ಸಾಮಾನ್ಯ ಶಿಶುಗಳ ನಡೆಯೊಡನೆ ಹೋಲಿಸುವುದು ತರವಲ್ಲ. ಆದರೆ ಆ ಮನೆ ಹೇಗಿತ್ತೆಂಬುದನ್ನು ಗೃಹಸ್ಥರು ಗಮನಿಸಬಹುದು. ಅಲ್ಲಿ ಮಗುವು ಪ್ರಶ್ನೆ ಕೇಳುವುದಕ್ಕೆ ಅವಕಾಶವಿತ್ತು. ದೊಡ್ಡವರ ಪ್ರವಚನ ನಡೆಯುವಲ್ಲಿ ಚಿಕ್ಕವನಿಗೂ ಸ್ಥಳವಿತ್ತು. ಅಕ್ಷರವನ್ನು ತಂದೆಯೇ ಬಳಿಯಲ್ಲಿ ಕುಳಿತು ಕಲಿಸಿದನು. ಆಟಕ್ಕೂ ಪಾಠಕ್ಕೂ ನಡುವೆ ಗೋಡೆ ಇರಲಿಲ್ಲ.

ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿರುವ ಕನ್ನಡ ಮನೆಗಳ ಸ್ಥಿತಿಯೇ ಬೇರೆ. ತಂದೆತಾಯಿಗಳಿಬ್ಬರೂ ಉದ್ಯೋಗಸ್ಥರು. ಮಗುವು ಮೂರನೆಯ ವರ್ಷಕ್ಕೇ ಶಾಲೆಯ ಬಸ್ಸನ್ನೇರುತ್ತದೆ. ಶಾಲೆಯಲ್ಲಿ ಇಂಗ್ಲಿಷ್, ಆಟದ ಮೈದಾನದಲ್ಲಿ ಹಿಂದಿಯೋ ಮರಾಠಿಯೋ ತೆಲುಗೋ. ಮನೆಯಲ್ಲಿ ಕನ್ನಡವನ್ನು ಕೇಳಿ ಅರ್ಥಮಾಡಿಕೊಳ್ಳುತ್ತದೆ. ಉತ್ತರವನ್ನು ಮಾತ್ರ ಇನ್ನೊಂದು ಭಾಷೆಯಲ್ಲಿ ಕೊಡುತ್ತದೆ. ಅಜ್ಜಿಯ ಪೆಟ್ಟಿಗೆಯಲ್ಲಿ ಹಳೆಯ ನೋಟುಪುಸ್ತಕವೊಂದಿರುತ್ತದೆ. ತಾಯಿಯಿಂದ ಕಲಿತ ದೇವರನಾಮಗಳು, ಹಬ್ಬದ ಅಡುಗೆಯ ಅಳತೆಗಳು, ಹಸೆಗೆ ಕರೆಯುವ ಹಾಡುಗಳು ಎಲ್ಲವೂ ಅದರಲ್ಲಿ ಅವರದೇ ಕೈಬರಹದಲ್ಲಿರುತ್ತವೆ. ಆ ಪುಸ್ತಕವನ್ನು ಮಗನು ತಡವರಿಸುತ್ತ ಓದಬಲ್ಲನು. ಮೊಮ್ಮಗಳು ಓದಲಾರಳು. ಒಂದೇ ತಲೆಮಾರಿನ ಅಂತರದಲ್ಲಿ ಅದು ಪೂಜಿಸಲು ಮಾತ್ರ ಯೋಗ್ಯವಾದ, ಓದಲು ಬಾರದ ಗ್ರಂಥವಾಗಿಬಿಡುತ್ತದೆ. ಚೆನ್ನೈ, ಕುಂಭಕೋಣಗಳ ಕಡೆಯ ಅನೇಕ ಮಾಧ್ವ ಮನೆತನಗಳಲ್ಲಿ ಕನ್ನಡವು ಮನೆಮಾತಾಗಿ ಉಳಿದರೂ ಲಿಪಿಯು ಕೈತಪ್ಪಿ, ದಾಸರ ಪದಗಳನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡು ಹಾಡುವುದನ್ನು ಕಾಣುತ್ತೇವೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಅವಧಿಯನ್ನು ಕಲಿಕೆಯ ಬುನಾದಿಯೆಂದು ಪರಿಗಣಿಸಿದೆ. ಸಾಧ್ಯವಿರುವೆಡೆಗಳಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿಯೇ ಬೋಧನೆ ನಡೆಯಬೇಕೆಂದೂ ಹೇಳಿದೆ. 2022ರಲ್ಲಿ ಈ ವಯೋಮಾನಕ್ಕಾಗಿ ಹೊರಬಂದ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಆಟಕ್ಕೆ ಪ್ರಾಧಾನ್ಯವಿತ್ತು, ತೈತ್ತಿರೀಯೋಪನಿಷತ್ತಿನ ಪಂಚಕೋಶಗಳ ವಿಚಾರವನ್ನೂ ಸ್ಮರಿಸಿದೆ. ಆದರೆ ಹೊರನಾಡಿನ ಶಾಲೆಯಲ್ಲಿ ಕನ್ನಡದ ಮಗುವಿಗೆ ಮನೆಮಾತಿನ ಬೋಧನೆ ದೊರೆಯುವುದು ವಿರಳ. ಹಾಗಾಗಿ ಆ ಮಗುವಿಗೆ ಕನ್ನಡದ ಶಾಲೆಯೆಂದರೆ ಮನೆಯೊಂದೇ.

ಈ ಮಾತನ್ನು ಕೇಳಿದೊಡನೆ ಕೆಲವು ತಂದೆತಾಯಿಗಳು ವೇಳಾಪಟ್ಟಿಯೊಂದನ್ನು ಗೋಡೆಗೆ ಅಂಟಿಸುವುದುಂಟು. ರಜೆಯ ಬೆಳಿಗ್ಗೆ ಎಂಟಕ್ಕೆ ವರ್ಣಮಾಲೆ, ಒಂಬತ್ತಕ್ಕೆ ಶ್ಲೋಕ, ಹತ್ತಕ್ಕೆ ಕಾಪಿ ಬರೆಯುವುದು. ಮೂರನೆಯ ದಿನ ಮಗು ಅಳುತ್ತದೆ, ತಾಯಿ ಗದರಿಸುತ್ತಾಳೆ, ನಾಲ್ಕನೆಯ ದಿನ ಪಟ್ಟಿ ಕಸದ ಬುಟ್ಟಿ ಸೇರುತ್ತದೆ. ಮಗುವಿನ ಮನಸ್ಸಿನಲ್ಲಿ ಕನ್ನಡವೆಂದರೆ ಗದರಿಕೆಯೆಂಬ ಭಾವನೆಯೊಂದೇ ಉಳಿಯುತ್ತದೆ. ಎಳೆಯ ಮಗುವಿಗೆ ಮನೆಯಲ್ಲಿ ಇನ್ನೊಂದು ಶಾಲೆ ಬೇಕಿಲ್ಲ. ಹಿರಿಯರ ಬಿಡುವು ಬೇಕು. ಇಂದಿನ ಉಪನ್ಯಾಸದ ಸಾರವೆಲ್ಲ ಇಷ್ಟೇ.

ಇದನ್ನು ಅರಿತವರು ಹಿಂದೆಯೂ ಇದ್ದರು. ಗುಜರಾತಿನ ಗಿಜುಭಾಯಿ ಬಧೇಕಾ ಅವರು ವೃತ್ತಿಯಿಂದ ವಕೀಲರು. ಮಗನು ಹುಟ್ಟಿದ ಮೇಲೆ ಮಕ್ಕಳ ಶಿಕ್ಷಣದತ್ತ ಅವರ ಮನಸ್ಸು ಹೊರಳಿತು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಜನರು ಅವರನ್ನು ‘ಮೀಸೆಯ ತಾಯಿ’ ಎಂದು ಪ್ರೀತಿಯಿಂದ ಕರೆದರು. ಅವರ ‘ದಿವಾಸ್ವಪ್ನ’ದ ಶಿಕ್ಷಕನು ಪಠ್ಯಪುಸ್ತಕವನ್ನು ಬದಿಗಿರಿಸಿ ಕಥೆ ಹೇಳುವುದರಿಂದಲೇ ತನ್ನ ಕಾರ್ಯವನ್ನು ಆರಂಭಿಸುತ್ತಾನೆ. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸರಿ ಅವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಮಹಾಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದು ಇಲ್ಲಿನ ಶಿಕ್ಷಕರಿಗೆ ತರಬೇತಿ ನೀಡಿದರು. ಸುರಿಯುವುದು, ಬೇರ್ಪಡಿಸುವುದು, ಒರೆಸುವುದು ಮುಂತಾದ ಮನೆಗೆಲಸಗಳಿಂದಲೇ ಮಗುವಿನ ಕೈಯೂ ಬುದ್ಧಿಯೂ ಪಳಗುತ್ತವೆಯೆಂಬುದನ್ನು ಅವರು ತೋರಿಸಿಕೊಟ್ಟರು.

ಇದು ನಿತ್ಯಜೀವನದಲ್ಲಿ ಹೇಗೆ ಸಾಧ್ಯವೆಂಬುದಕ್ಕೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮುಂಬಯಿಯ ಎರಡು ಕೋಣೆಯ ಫ್ಲ್ಯಾಟು. ಆರು ವರ್ಷದ ಹುಡುಗಿ, ನಾಲ್ಕು ವರ್ಷದ ಹುಡುಗ. ಊರಿನಿಂದ ದೀಪಾವಳಿಗೆಂದು ಬಂದ ಅಜ್ಜಿ. ಬಲಿಪಾಡ್ಯಮಿ ಕಳೆದಿದೆ, ಶಾಲೆಗೆ ಇನ್ನೂ ರಜೆ ಇದೆ.

ಬಿದಿಗೆಯ ದಿನ ಅಜ್ಜಿಯು ಹಿಂದಿನ ರಾತ್ರಿ ನೆನೆಸಿಟ್ಟ ಒಂದು ಹಿಡಿ ಮೆಂತ್ಯವನ್ನೂ ಒಂದು ಹಿಡಿ ಗೋಧಿಯನ್ನೂ ಮಕ್ಕಳ ಕೈಗೆ ಕೊಟ್ಟು, ಎರಡು ಕುಂಡಗಳಲ್ಲಿ ಬಿತ್ತಿಸುತ್ತಾರೆ. ಸಂಜೆ ಪಶ್ಚಿಮದ ಕಿಟಕಿಯಲ್ಲಿ ತೆಳುವಾದ ಚಂದ್ರರೇಖೆ ಕಾಣುತ್ತದೆ. ಹುಡುಗಿಯು ಅದನ್ನು ಕಾಗದದ ಮೇಲೆ ಬರೆಯುತ್ತಾಳೆ. ಆ ದಿನದ ಪಾಠ ಮುಗಿಯಿತು.

ತದಿಗೆಯ ದಿನ ಅಡುಗೆಮನೆಯಲ್ಲಿ ಕೆಲಸ. ಹೆಸರು, ಕಡಲೆ, ಉದ್ದು, ಅಕ್ಕಿ, ರಾಗಿ ಎಲ್ಲವನ್ನೂ ಒಂದು ತಟ್ಟೆಯಲ್ಲಿ ಬೆರೆಸಿಟ್ಟು ಬೇರ್ಪಡಿಸಲು ಹೇಳುತ್ತಾರೆ. ಚಾತುರ್ಮಾಸ್ಯದ ನಾಲ್ಕನೆಯ ತಿಂಗಳಾದುದರಿಂದ ಮನೆಯಲ್ಲಿ ದ್ವಿದಳ ವ್ರತ ನಡೆದಿದೆ, ಬೇಳೆ ಬೇಯುತ್ತಿಲ್ಲ. ಏಕೆಂದು ಹುಡುಗ ಕೇಳುತ್ತಾನೆ. ಅಜ್ಜಿಯು ನೆನೆದ ಹೆಸರುಕಾಳೊಂದನ್ನು ಬೆರಳಲ್ಲಿ ಒತ್ತುತ್ತಾರೆ. ಅದು ಎರಡು ಹೋಳಾಗುತ್ತದೆ. ಅಕ್ಕಿಯನ್ನು ಒತ್ತಿದರೆ ಹಾಗೆ ಹೋಳಾಗುವುದಿಲ್ಲ. ‘ದ್ವಿ ಎಂದರೆ ಎರಡು, ದಳ ಎಂದರೆ ಹೋಳು’ ಎನ್ನುತ್ತಾರೆ. ಸಸ್ಯಶಾಸ್ತ್ರದ ಒಂದು ಮುಖ್ಯ ವಿಭಾಗವನ್ನು ನಾಲ್ಕು ವರ್ಷದ ಮಗುವು ಅಡುಗೆಮನೆಯ ನೆಲದಲ್ಲಿ ಕುಳಿತು ಕಲಿತುಕೊಂಡಿತು. ಒಂದು ಸಂಸ್ಕೃತ ಪದವೂ ಒಂದು ವ್ರತದ ಹೆಸರೂ ಅದರೊಡನೆಯೇ ಬಂದುವು.

ಚೌತಿಯ ದಿನ ಏನೂ ನಡೆಯುವುದಿಲ್ಲ. ಹುಡುಗನಿಗೆ ನೆಗಡಿ. ಹುಡುಗಿಗೆ ಕಾರಣವಿಲ್ಲದ ಮುನಿಸು. ಅಜ್ಜಿಯು ರವೆಯ ತಟ್ಟೆಯನ್ನು ತಂದಿರಿಸಿ ಅಕ್ಷರ ಬರೆಯೋಣವೆಂದರೆ, ‘ಅಜ್ಜಿ, ನನಗೆ ಬೇಡ’ ಎಂದು ಮುಖ ತಿರುಗಿಸುತ್ತಾಳೆ. ಅಜ್ಜಿಯು ಮರುಮಾತಿಲ್ಲದೆ ತಟ್ಟೆಯನ್ನು ಎತ್ತಿಡುತ್ತಾರೆ. ಇಡೀ ವಾರದಲ್ಲಿ ಹಿರಿಯರಿಗೆ ಅತ್ಯಂತ ಕಠಿನವಾದ ದಿನ ಇದೇ. ರಜೆಯ ಒಂದು ದಿನ ವ್ಯರ್ಥವಾಯಿತಲ್ಲ ಎಂಬ ಕಳವಳ ತಾಯಿಯನ್ನು ಕಾಡುತ್ತದೆ. ಬಿತ್ತಿದ ಬೀಜವನ್ನು ಮೊಳೆತಿದೆಯೇ ಎಂದು ಕೆದಕಿ ನೋಡಿದರೆ ಅದು ಮೊಳೆಯುವುದಿಲ್ಲ. ಬೇಡವೆಂದ ದಿನ ಬಿಟ್ಟುಕೊಟ್ಟುದರಿಂದಲೇ ನಾಳೆ ಬೇಕೆನ್ನುವ ಮನಸ್ಸು ಹುಟ್ಟುತ್ತದೆ.

ಪಂಚಮಿಯ ದಿನ ಅಳಗುಳಿಮಣೆಯ ಆಟ. ಮಣೆ ಊರಿನಲ್ಲಿದೆ, ಇಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಸಾಲಿಗೆ 7ರಂತೆ 14 ಮನೆಗಳನ್ನು ಬರೆದರೆ ಸಾಕು. ಹಿಂದೆ ಕೂಡಿಟ್ಟ ಹುಣಿಸೆಬೀಜಗಳನ್ನು ಮನೆಗೆ 5ರಂತೆ ಹಾಕಿದರೆ 70 ಬೇಕು. ಬೀಜ ಸಾಲುವುದೇ ಎಂದು ಎಣಿಸುವುದೇ ಮೊದಲ ಲೆಕ್ಕ. ಒಂದೊಂದಾಗಿ ಹಂಚುತ್ತ ಹೋಗುವುದು, ಬರಿದಾದ ಮನೆಯನ್ನು ಮೊದಲೇ ಊಹಿಸುವುದು, ಸೋತಾಗ ಮುನಿಯದೆ ಮತ್ತೆ ಕೂರುವುದು ಎಲ್ಲವೂ ಆಟದಲ್ಲಿಯೇ ಬರುತ್ತವೆ. ಆಟದ ನಡುವೆ ಪಾಜಕದ ಬಾಲಕನ ಹುಣಿಸೆಬೀಜದ ಕಥೆ ಬರುತ್ತದೆ. ಕೈಯಲ್ಲಿ ಬೀಜ ಹಿಡಿದು ಕೇಳಿದ ಆ ಕಥೆಯನ್ನು ಮಗು ಮರೆಯಲಾರದು.

ಷಷ್ಠಿಯ ದಿನ ತಂದೆಯು ಮಕ್ಕಳನ್ನು ಮಾರುಕಟ್ಟೆಗೆ ಕರೆದೊಯ್ಯುತ್ತಾನೆ. ಅಂಗಡಿಯ ಫಲಕಗಳಲ್ಲಿ ನಾಗರಿ ಲಿಪಿಯ ‘ಕ’ಕಾರವನ್ನು ಹುಡುಕುವುದು, ಮನೆಗೆ ಬಂದು ಕನ್ನಡದ ‘ಕ’ಕಾರವನ್ನು ರವೆಯಲ್ಲಿ ಬರೆದು ಹೋಲಿಸುವುದು. ಹೈದರಾಬಾದಿನ ಮಗುವಾದರೆ ತೆಲುಗಿನ ಫಲಕದಲ್ಲಿ ಅನೇಕ ಅಕ್ಷರಗಳು ಕನ್ನಡದವುಗಳಂತೆಯೇ ಇರುವುದನ್ನು ಕಂಡು ಬೆರಗಾಗುತ್ತದೆ. ಚೆನ್ನೈಯ ಮಗುವು ಕ, ಖ, ಗ, ಘ ನಾಲ್ಕಕ್ಕೂ ತಮಿಳಿನಲ್ಲಿ ಒಂದೇ ಅಕ್ಷರವಿರುವುದನ್ನು ಗಮನಿಸಿ, ದಾಸರ ಪದಗಳಿಗೆ ಕನ್ನಡ ಲಿಪಿ ಏಕೆ ಬೇಕೆಂಬುದನ್ನು ತಾನಾಗಿಯೇ ತಿಳಿಯುತ್ತದೆ. ನೆರೆಯ ಭಾಷೆಗಳು ಕನ್ನಡಕ್ಕೆ ಶತ್ರುಗಳಲ್ಲ. ಕಲಿಕೆಗೆ ಅವೂ ಮೆಟ್ಟಿಲುಗಳೇ.

ಸಪ್ತಮಿಯ ಸಂಜೆ ಹಾಡು. ಸಂಗೀತ ಕಲಿಯುವವರಿಗೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರಗಳೆಂದು ಹಂತಹಂತವಾಗಿ ಪಾಠಕ್ರಮವನ್ನು ಹಾಕಿಕೊಟ್ಟವರು ಶ್ರೀ ಪುರಂದರದಾಸರೆಂದು ಸಂಪ್ರದಾಯವು ಹೇಳುತ್ತದೆ. ಅಪಾರವಾದ ವಿದ್ಯೆಯನ್ನು ಎಳೆಯ ಕಂಠಕ್ಕೆ ಎಟುಕುವಷ್ಟು ಚಿಕ್ಕ ಮೆಟ್ಟಿಲುಗಳಾಗಿ ಕಡೆದಿರಿಸಿದ ಆ ಕರುಣೆಯನ್ನು ಮನೆಯವರೂ ಅನುಸರಿಸಬೇಕು. ದಿನಕ್ಕೊಂದು ಸಾಲು, ತಪ್ಪಿದರೆ ತಿದ್ದದೆ ಅಜ್ಜಿಯೇ ಇನ್ನೊಮ್ಮೆ ಹಾಡುವುದು. ಅಷ್ಟು ಸಾಕು.

ಅಷ್ಟಮಿಯ ದಿನ ಮಕ್ಕಳೇ ಕುಂಡಗಳ ಬಳಿಗೆ ಓಡುತ್ತಾರೆ. ಮೆಂತ್ಯದ ಸಸಿಯಲ್ಲಿ ಎದುರುಬದುರಾಗಿ ಎರಡು ಎಲೆಗಳು. ಗೋಧಿಯಲ್ಲಿ ಹುಲ್ಲಿನಂತೆ ಒಂದೇ ಎಸಳು. ‘ಇದು ದ್ವಿದಳ’ ಎಂದು ಹುಡುಗ ಮೆಂತ್ಯವನ್ನು ತೋರಿಸುತ್ತಾನೆ. ಯಾರೂ ಅವನನ್ನು ಪರೀಕ್ಷಿಸಿರಲಿಲ್ಲ. ಕಾಗದದ ಮೇಲಿನ ಚಂದ್ರನು ಗೆರೆಯಿಂದ ಬೆಳೆದು ಅರ್ಧಬಿಂಬವಾಗಿದ್ದಾನೆ. ಚೌತಿಯ ಜಾಗ ಖಾಲಿಯಾಗಿದೆ. ಹುಡುಗಿಯು ಅಜ್ಜಿಯ ಹಳೆಯ ನೋಟುಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಸಾಲುಸಾಲಿನಲ್ಲಿ ಬೆರಳಿಟ್ಟು ‘ಕ’ಕಾರವನ್ನು ಹುಡುಕುತ್ತಾಳೆ. ಒಂದು ಪುಟದಲ್ಲಿ ಒಂಬತ್ತು ಸಿಗುತ್ತವೆ. ವರ್ಣಮಾಲೆಯ 49 ಅಕ್ಷರಗಳಲ್ಲಿ ಒಂದೇ ಒಂದು ಅವಳ ವಶವಾಗಿದೆ. ಆದರೆ ಆ ಪುಸ್ತಕ ಇನ್ನು ಅವಳಿಗೆ ಮುಚ್ಚಿದ ಪುಸ್ತಕವಲ್ಲ.

ಇಷ್ಟರಿಂದ ಏನಾಯಿತೆಂದು ಕೆಲವರು ಆಕ್ಷೇಪಿಸಬಹುದು. ಪಕ್ಕದ ಮನೆಯ ಮಗುವು ಅದೇ ವಾರದಲ್ಲಿ ನೂರರವರೆಗೆ ಬರೆದಿರಬಹುದು. ಆ ಹೋಲಿಕೆಯೇ ಅವಸರದ ಮೂಲ. ಐದಾರು ವರ್ಷದ ಮಗುವಿಗೆ ಓಟದಲ್ಲಿ ಹಿಂದೆ ಬಿದ್ದೆನೆಂಬ ಭಯವನ್ನು ಕಲಿಸಿದರೆ, ಆ ಭಯವೇ ಮುಂದಿನ ಎಲ್ಲ ಪಾಠಗಳಿಗೂ ಅಡ್ಡವಾಗುತ್ತದೆ. ಶಿಕ್ಷಣದ ಹಕ್ಕಿನ 2009ರ ಕಾನೂನು ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಶಾಲೆಗೆ ಸಲ್ಲದುದು ಮನೆಗೆ ಸಲ್ಲುವುದು ಹೇಗೆ?

ಸಮಯವಿಲ್ಲವೆಂಬ ಮಾತು ಸುಳ್ಳಲ್ಲ. ಎಲ್ಲ ಮನೆಗಳಲ್ಲಿಯೂ ಅಜ್ಜಿ ಇರುವುದಿಲ್ಲ. ಆದರೆ ಮೇಲೆ ಹೇಳಿದ ಯಾವ ದಿನದ ಕೆಲಸಕ್ಕೂ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗಿಲ್ಲ. ಅದರಲ್ಲಿ ಬಹುಭಾಗ ಹೇಗೂ ಮಾಡಲೇಬೇಕಾದ ಅಡುಗೆ, ಸಂತೆಗಳ ಜೊತೆಯಲ್ಲಿಯೇ ನಡೆಯುವಂಥದು. ಬೇಕಾದುದು ಆ ಅರ್ಧ ಗಂಟೆಯಲ್ಲಿ ಮೊಬೈಲನ್ನು ಬದಿಗಿಡುವ ನಿಶ್ಚಯ. 2ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕುಳಿತಿರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿತು. ಮರುವರ್ಷವೇ ಮಹಾಮಾರಿ ಬಂದು ಶಾಲೆಗಳು ಮುಚ್ಚಿದಾಗ, ಪಾಠವೆಲ್ಲ ಪರದೆಗೆ ಸರಿಯಿತು. ಮಗು ದಿನವಿಡೀ ಮನೆಯಲ್ಲಿದ್ದರೂ ಮನೆಯವರಿಂದ ದೂರವಾಗಿ ಕುಳಿತಿದ್ದುದನ್ನು ಆಗ ಎಲ್ಲರೂ ಕಂಡಿದ್ದಾರೆ.

ಮಾತೆಯರಲ್ಲಿಯೂ ವಿಶೇಷವಾಗಿ ತಂದೆಯಂದಿರಲ್ಲಿಯೂ ವಿನಂತಿ ಇಷ್ಟೇ. ಈ ಹೊರೆಯನ್ನು ತಾಯಿಯೊಬ್ಬಳ ಮೇಲೆಯೇ ಹೊರಿಸಬಾರದು. ಪಾಜಕದಲ್ಲಿ ಅಕ್ಷರ ಬರೆದುಕೊಟ್ಟವರು ತಂದೆ. ಮಗುವು ತಪ್ಪು ಕನ್ನಡ ಆಡಿದರೆ ನಗಬಾರದು. ನಕ್ಕರೆ ಅದು ಇಂಗ್ಲಿಷಿಗೆ ಓಡುತ್ತದೆ. ಮುಂದಿನ ರಜೆಯಲ್ಲಿ ಒಂದು ವಾರವನ್ನು ಮಗುವಿಗಾಗಿ ತೆರವಾಗಿರಿಸಿ, ಮನೆಯ ಹಿರಿಯರ ಕೈಬರಹದ ಒಂದು ಪುಟವನ್ನು ಅದರ ಮುಂದೆ ತೆರೆದಿಡಿ. ಒಂದು ಅಕ್ಷರ ಸಿಕ್ಕರೂ ಆ ವಾರ ಸಾರ್ಥಕ. ಉಳಿದ 48 ಅಕ್ಷರಗಳಿಗೆ ಮುಂದಿನ ವಾರಗಳಿವೆ.

॥ ಶ್ರೀಕೃಷ್ಣಾರ್ಪಣಮಸ್ತು ॥