ಮರಗೆಣಸಿನ ಪಿಷ್ಟ: ತಕ್ಕಡಿ ನಮ್ಮೂರಲ್ಲೇ ಇರಲಿ

(ಹಾಲಿಹಿಲ್‌ನಲ್ಲಿ ನಡೆದ ನಮ್ಮ ರಾಜ್ಯೋತ್ಸವ ಕೂಟದಲ್ಲಿ ಆಡಿದ ಮಾತುಗಳು)

ನಾನು ಭಾಷಣಗಾರ ಅಲ್ಲ, ಐಟಿಐ ಓದಿದ ಎಲೆಕ್ಟ್ರಿಷಿಯನ್. ವೈರ್ ಎಳೆಯೋದು ಗೊತ್ತು, ಮಾತು ಎಳೆಯೋದು ಗೊತ್ತಿಲ್ಲ. ಅದಕ್ಕೇ ಬೇಗ ಮುಗಿಸ್ತೀನಿ.

ಈಗ ಊಟಕ್ಕೆ ಸಬ್ಬಕ್ಕಿ ಪಾಯಸ ಬಡಿಸಿದ್ರಲ್ಲ, ಆ ಸಬ್ಬಕ್ಕಿ ಗಿಡದಲ್ಲಿ ಬಿಡೋ ಕಾಳಲ್ಲ. ಮರಗೆಣಸನ್ನು ಅರೆದು, ನೀರು ಬಿಟ್ಟು ಸೋಸಿ, ತಳಕ್ಕೆ ಇಳಿದ ಪಿಷ್ಟವನ್ನು ಉಂಡೆ ಕಟ್ಟಿ, ಹುರಿದು ಒಣಗಿಸಿದ್ದು. ಅದೇ ಪಿಷ್ಟ ನೂಲಿಗೆ ಗಂಜಿಯಾಗುತ್ತೆ, ರಟ್ಟಿನ ಪೆಟ್ಟಿಗೆಗೆ ಅಂಟಾಗುತ್ತೆ, ಕಾಗದದ ಕಾರ್ಖಾನೆಗೂ ಹೋಗುತ್ತೆ.

ನಮ್ಮದು ಹನೂರು ಕಡೆ. ಅಪ್ಪ ಎರಡು ಎಕರೆಗೆ ಮರಗೆಣಸು ಹಾಕ್ತಾರೆ. ಅಗೆದ ಗೆಡ್ಡೆ ಪಾಲಾರ್, ಮೆಟ್ಟೂರು ದಾಟಿ ಸೇಲಂ ಕಡೆಗೆ ಹೋಗಬೇಕು. ನೆಲದೊಳಗೆ ಇರೋವರೆಗೆ ಗೆಡ್ಡೆಗೆ ಏನೂ ಆಗಲ್ಲ. ಅಗೆದ ಮೇಲೆ ಎರಡು ಮೂರು ದಿನಕ್ಕೇ ಒಳಗೆ ಕಪ್ಪು ಗೆರೆ ಹೊಡೆಯುತ್ತೆ. ಒಂದು ವರ್ಷ ನಮ್ಮ ಲಾರಿ ಒಂದು ಕಾರ್ಖಾನೆ ಗೇಟಿನ ಮುಂದೆ ಎರಡು ದಿನ ನಿಂತಿತ್ತು. ಆಮೇಲೆ 'ಪಾಯಿಂಟ್ ಕಮ್ಮಿ ಬಂತು' ಅಂದ್ರು. ಅಪ್ಪ ಕೊಟ್ಟಷ್ಟು ಇಸ್ಕೊಂಡು ಬಂದ್ರು. ವಾಪಸ್ ತರೋಕಾಗುತ್ತಾ?

ಪಾಯಿಂಟ್ ಅಂದ್ರೆ ಗೆಡ್ಡೆಯಲ್ಲಿರೋ ಪಿಷ್ಟದ ಅಳತೆ. ಸ್ವಲ್ಪ ಗೆಡ್ಡೆಯನ್ನು ಮೊದಲು ಹಾಗೇ ತೂಗಿ, ಆಮೇಲೆ ನೀರಲ್ಲಿ ಮುಳುಗಿಸಿ ತೂಗ್ತಾರೆ. ಪಿಷ್ಟ ಹೆಚ್ಚಿದ್ದಷ್ಟೂ ನೀರೊಳಗಿನ ತೂಕ ಹೆಚ್ಚು. ಇಷ್ಟೇ ವಿದ್ಯೆ. ಆದ್ರೆ ತಕ್ಕಡಿ ಇರೋದು ಕೊಳ್ಳೋರ ಕೈಲಿ. ಮೀಟರೂ ಅವರದೇ, ರೀಡಿಂಗೂ ಅವರದೇ, ಬಿಲ್ಲೂ ಅವರದೇ.

ಇನ್ನೊಂದು ಲೆಕ್ಕ ನೋಡಿ. ಒಂದು ಟನ್ ಗೆಡ್ಡೆಯಿಂದ ಕಾರ್ಖಾನೆಯಲ್ಲಿ ಕೈಗೆ ಬರೋ ಪಿಷ್ಟ ಸುಮಾರು 200ರಿಂದ 250 ಕೆಜಿ. ಉಳಿದದ್ದು ನೀರು, ನಾರು, ಸಿಪ್ಪೆ, ಮಣ್ಣು. ಅಂದ್ರೆ ಲಾರಿ ಬಾಡಿಗೆಯಲ್ಲಿ ಮುಕ್ಕಾಲು ಭಾಗ ನಾವು ಕೊಡೋದು ನೀರು ನಾರು ಸಾಗಿಸೋಕೆ. ಪಿಷ್ಟ ಊರಲ್ಲೇ ತೆಗೆದ್ರೆ ಆ ಬಾಡಿಗೆ ಉಳಿಯುತ್ತೆ, ನಾರು ದನಕ್ಕಾಗುತ್ತೆ. ಒಣಗಿದ ಪಿಷ್ಟ ತಿಂಗಳುಗಟ್ಟಲೆ ಇಟ್ಟರೂ ಕೆಡಲ್ಲ. ನನ್ನ ಪ್ರಕಾರ ದೊಡ್ಡ ಲಾಭ ಇದೇ. ಕಾಯೋ ಶಕ್ತಿ ಇದ್ದೋನಿಗೆ ಮಾತ್ರ ಬೆಲೆ ಕೇಳೋಕೆ ಬಾಯಿರುತ್ತೆ.

ಸೇಲಂನಲ್ಲಿ 1981ರಲ್ಲಿ ಸಾಗೋಸರ್ವ್ ಅನ್ನೋ ಸಹಕಾರ ಸಂಘ ಆಯ್ತು. ದಲ್ಲಾಳಿ ಕಾಟ ತಪ್ಪಿಸೋಕೆ ಸರಕು ಗೋದಾಮಲ್ಲಿಟ್ಟು ಟೆಂಡರ್ ಮೇಲೆ ಮಾರ್ತಾರೆ. ಒಳ್ಳೇ ಕೆಲಸ. ಆದ್ರೆ ಅದು ಪಿಷ್ಟ, ಸಬ್ಬಕ್ಕಿ ಮಾಡೋ ಕಾರ್ಖಾನೆಯವರ ಸಂಘ, ಗೆಡ್ಡೆ ಬೆಳೆಯೋರದ್ದಲ್ಲ. ನಮಗೆ ಹತ್ತಿರದ ಮಾದರಿ ನಮ್ಮೂರ ಹಾಲಿನ ಡೈರಿ. ಹಾಲು ಗೆಡ್ಡೆಗಿಂತ ಬೇಗ ಕೆಡುತ್ತೆ. ಆದ್ರೂ ನಮ್ಮ ಅವ್ವ ಕ್ಯಾನ್ ಹಿಡ್ಕೊಂಡು ಗೇಟಿನ ಮುಂದೆ ಎರಡು ದಿನ ನಿಲ್ಲಲ್ಲ. ಯಾಕೆ? ಫ್ಯಾಟ್ ನೋಡೋ ಮಿಷನ್ ಊರಲ್ಲೇ ಇದೆ, ಅಳೆಯೋನು ಊರೋನೇ.

ಹಾಗಂತ ನಾಳೆನೇ ಕಾರ್ಖಾನೆ ಕಟ್ಟೋಣ ಅಂತ ಹೇಳ್ತಿಲ್ಲ. ಒಂದು ಟನ್ ಗೆಡ್ಡೆಗೆ ಸಾವಿರಾರು ಲೀಟರ್ ನೀರು ಬೇಕು, ನಮ್ಮ ಕಡೆ ಬೋರ್‌ವೆಲ್ ಸ್ಥಿತಿ ಗೊತ್ತೇ ಇದೆ. ಕೊಳೆನೀರು ಹಾಗೇ ಬಿಟ್ರೆ ಊರು ನಾರುತ್ತೆ, ಬಾವಿ ಕೆಡುತ್ತೆ. ಸೇಲಂ ಕಡೆ ಕೆಲವರು ಅದರಿಂದಲೇ ಗ್ಯಾಸ್ ತೆಗೀತಾರೆ, ಅದಕ್ಕೂ ಬಂಡವಾಳ ಬೇಕು. ಇನ್ನು ನನ್ನ ಕಸುಬಿನ ಮಾತು: ಅರೆಯೋ ಮಿಷನ್ನು, ಪಂಪು, ಜರಡಿ ಎಲ್ಲಾ ಮೋಟಾರ್ ಮೇಲೆ. ಅರ್ಧ ಅರೆದಾಗ ತ್ರೀ ಫೇಸ್ ಹೋದ್ರೆ ಅರೆದದ್ದು ಹುಳಿಯುತ್ತೆ, ಪಿಷ್ಟದ ಬಿಳುಪು ಹೋಗುತ್ತೆ. ಒಂದು ಮನೆಯ ದುಡ್ಡಲ್ಲಿ ಆಗೋ ಕೆಲಸ ಅಲ್ಲ ಇದು.

ನನ್ನ ಜೊತೆ ಕೆಲಸ ಮಾಡೋ ಐರಿಷ್ ಹಿರಿಯರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ಮ್ಯಾಲೊ ಕಥೆ ಹೇಳಿದ್ರು. ಇಲ್ಲೇ ಕಾರ್ಕ್ ಕೌಂಟಿಯ ಮ್ಯಾಲೊದಲ್ಲಿ 1934ರಿಂದ ಸಕ್ಕರೆ ಕಾರ್ಖಾನೆ ಇತ್ತು. ಅವರ ತಂದೆ ಟ್ರ್ಯಾಕ್ಟರಲ್ಲಿ ಬೀಟ್ ಗೆಡ್ಡೆ ಹೊಡೀತಿದ್ರಂತೆ. 2006ರಲ್ಲಿ ಅದು ಮುಚ್ಚಿತು, ಸಕ್ಕರೆ ಬೀಟ್ ಬೆಳೆಯೂ ಹೋಯ್ತು. 'ಗೆಡ್ಡೆ ಹೊಲದಲ್ಲಿ ಬೆಳೆದ್ರೂ ಬದುಕೋದು ಕಾರ್ಖಾನೆಯಲ್ಲಿ' ಅಂದ್ರು. ನನಗೆ ನಮ್ಮಪ್ಪನೇ ಹೇಳಿದಂಗಾಯ್ತು.

ನನ್ನ ತಮ್ಮ ಈ ಸಲ ಗೆಡ್ಡೆ ಕಿತ್ತು, ಹೊಲ ಬಿಟ್ಟು ಬೆಂಗಳೂರಿಗೆ ಹೋಗ್ತೀನಿ ಅಂತಿದ್ದಾನೆ. ಒಂದು ವರ್ಷ ತಡಿ ಅಂದಿದ್ದೀನಿ. ಮೊದಲು ಕಳಿಸೋದು ಒಂದು ತಕ್ಕಡಿ, ಒಂದು ನೀರಿನ ತೊಟ್ಟಿಯ ದುಡ್ಡು. ಹತ್ತು ಮನೆಯೋರು ಲಾರಿ ಹೊರಡೋ ಮುಂಚೆ ತಮ್ಮ ಗೆಡ್ಡೆಯ ಪಾಯಿಂಟ್ ತಾವೇ ಬರೆದಿಡಲಿ. ಎರಡನೇದು, ಗೇಟಲ್ಲಿ ಬೆಲೆ ಬಿದ್ದ ದಿನ ಗೆಡ್ಡೆ ಹೆಚ್ಚಿ ಒಣಗಿಸೋಕೆ ಒಂದು ಕಣ. ಒಣಹೋಳಿಂದ ಸಬ್ಬಕ್ಕಿ ಆಗಲ್ಲ, ಹಿಟ್ಟಿಗೆ, ದನದ ಮೇವಿಗೆ ಹೋಗುತ್ತೆ. ಹತ್ತು ಮನೆ ಒಂದು ವರ್ಷ ಒಟ್ಟಿಗೆ ನಿಂತ್ರೆ ಆಮೇಲೆ ಮೋಟಾರಿನ ಮಾತು. ವೈರಿಂಗ್ ಕೂಲಿ ಬೇಡ, ನಾನೇ ರಜೆ ಹಾಕಿ ಹೋಗಿ ಮಾಡ್ತೀನಿ.

ನಾವೆಲ್ಲ ತಿಂಗಳಾ ತಿಂಗಳಾ ದುಡ್ಡು ಕಳಿಸ್ತೀವಿ, ಅದು ಮನೆಗೆ, ಮದುವೆಗೆ ಹೋಗುತ್ತೆ. ತಪ್ಪಲ್ಲ. ಅದರಲ್ಲಿ ಒಂದು ಪಾಲು ಊರಲ್ಲೇ ದುಡಿಯೋ ಕೆಲಸಕ್ಕೂ ಹೋಗಲಿ. ನಿಮ್ಮೂರಲ್ಲಿ ಮರಗೆಣಸು ಇಲ್ದಿದ್ರೆ ಟೊಮ್ಯಾಟೊ ಇರಬಹುದು, ಅರಿಶಿನ ಇರಬಹುದು. ಅಲ್ಲಿ ತಕ್ಕಡಿ ಯಾರ ಕೈಲಿದೆ ಅಂತ ಮುಂದಿನ ಸಲ ಫೋನ್ ಮಾಡಿದಾಗ ಕೇಳಿ.

ಪಾಯಸ ಇನ್ನೂ ಇದೆಯಂತೆ, ಬಡಿಸ್ಕೊಳ್ಳಿ.